ಮಕ್ಕಳನ್ನು ಸಾಕುತ್ತಾ ಎಲ್‌ಎಲ್‌ಬಿ ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಬ್ಬರು ಮಕ್ಕಳ ತಾಯಿ. ಮಕ್ಕಳು ಪ್ರೈಮರಿ ಶಾಲೆಯಲ್ಲಿದ್ದಾಗ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ಈಗ ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿ ಮಾಡುತ್ತಿದ್ದೇನೆ. ಮದುವೆ ಮನೆಯಲ್ಲಿ, ಶಾಲೆಯ ಗೇಟಿನ ಹತ್ತಿರ, ಕೋರ್ಟಿನ ಕಾರಿಡಾರಿನಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕರ್ನಾಟಕದಲ್ಲಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ತಾಯಂದಿರಿಗೆ ಅಂತ ಬರೆದಿದ್ದರೂ, ಮಕ್ಕಳ ಜವಾಬ್ದಾರಿ ಹೊತ್ತ ಅಪ್ಪಂದಿರಿಗೂ ಇವೇ ಉತ್ತರಗಳು.

ನನಗೆ 38 ವರ್ಷ. ಈಗ ಲಾ ಕಾಲೇಜಿಗೆ ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳುತ್ತಾರೆ. ವಯಸ್ಸಿನ ಬಗ್ಗೆ ಇಷ್ಟೊಂದು ಅನುಮಾನ ಬರುವುದಕ್ಕೆ ಕಾರಣ ಇದೆ. ಕಾನೂನು ಓದಿಗೂ ವಕೀಲಿಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2008ರಲ್ಲಿ ಮಾಡಿದ ನಿಯಮಗಳಲ್ಲಿ ಮೂರು ವರ್ಷದ ಕೋರ್ಸಿಗೆ 30 ವರ್ಷ, ಐದು ವರ್ಷದ ಕೋರ್ಸಿಗೆ 20 ವರ್ಷ ಎಂದು ಮಿತಿ ಹಾಕಿತ್ತು. ಅದು ಕೋರ್ಟುಗಳಲ್ಲಿ ಪ್ರಶ್ನೆಗೆ ಒಳಗಾಯಿತು. ಮಧ್ಯೆ ವಾಪಸ್ ತೆಗೆದುಕೊಂಡರು. 2016ರಲ್ಲಿ ಸುತ್ತೋಲೆ ಹೊರಡಿಸಿ ಮತ್ತೆ ತರಲು ನೋಡಿದರು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸುತ್ತೋಲೆಗೆ ತಡೆ ಕೊಟ್ಟಿತು. ಆಮೇಲೆ ನಲವತ್ತು, ಐವತ್ತು ದಾಟಿದವರೂ ಓದುತ್ತಿದ್ದಾರೆ. ನಿಮ್ಮ ಪಕ್ಕದ ಬೆಂಚಿನಲ್ಲಿ ರಿಟೈರಾದ ಬ್ಯಾಂಕ್ ಮ್ಯಾನೇಜರ್ ಕೂತಿದ್ದರೆ ಆಶ್ಚರ್ಯ ಬೇಡ.

ಓದಿದ ಮೇಲೆ ಸನ್ನದು, ಅಂದರೆ ವಕೀಲಿ ಮಾಡಲು ಬೇಕಾದ ಪರವಾನಗಿ, ಕೊಡುತ್ತಾರೋ ಇಲ್ಲವೋ ಎಂಬ ಭಯವೂ ಬೇಡ. 45 ದಾಟಿದವರಿಗೆ ಸನ್ನದು ಇಲ್ಲ ಎಂಬ ನಿಯಮ ಒಂದು ಕಾಲದಲ್ಲಿ ಇತ್ತು. ಅದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದು ಮಾಡಿದೆ.

ಡಿಗ್ರಿಯಲ್ಲಿ ಎಷ್ಟು ಅಂಕ ಇರಬೇಕು? ಎಂಟ್ರೆನ್ಸ್ ಪರೀಕ್ಷೆ ಇದೆಯಾ?

ಯಾವ ಡಿಗ್ರಿಯಾದರೂ ಸರಿ. ಬಿಎ, ಬಿಕಾಂ, ಬಿಎಸ್ಸಿ, ಇಂಜಿನಿಯರಿಂಗ್ ಎಲ್ಲವೂ ನಡೆಯುತ್ತದೆ. ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಬೇಕು.

ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು ಶುರುವಾದದ್ದು 2009ರಲ್ಲಿ. ಮೂರು ವರ್ಷದ ಕೋರ್ಸಿಗೆ ಈ ಕಾಲೇಜುಗಳು ಸಾಮಾನ್ಯವಾಗಿ ಡಿಗ್ರಿ ಅಂಕ ನೋಡಿಯೇ ಸೀಟು ಕೊಡುತ್ತವೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಿಂದ ಮೂರು ವರ್ಷದ ಕೋರ್ಸ್ ನಡೆಸುತ್ತಿದೆ. ಅಲ್ಲಿಗೆ ಅವರದೇ ಪ್ರವೇಶ ಪರೀಕ್ಷೆ ಬರೆಯಬೇಕು. ಫೀಸೂ ಜಾಸ್ತಿ, ಓದಿನ ಒತ್ತಡವೂ ಜಾಸ್ತಿ. ಮನೆ ಬೆಂಗಳೂರಿನಲ್ಲೇ ಇದ್ದು, ಮಕ್ಕಳನ್ನು ನೋಡಿಕೊಳ್ಳಲು ಪೂರ್ತಿ ವ್ಯವಸ್ಥೆ ಇದ್ದರೆ ಪ್ರಯತ್ನಿಸಿ.

ಮಿಕ್ಕವರಿಗೆ ನನ್ನ ಸಲಹೆ: ಮನೆಗೆ ಹತ್ತಿರದ ಕಾಲೇಜು. ಉಡುಪಿ, ಬೆಳಗಾವಿ, ಶಿವಮೊಗ್ಗ, ದಾವಣಗೆರೆ, ಮೈಸೂರು, ಕಲಬುರಗಿ, ಎಲ್ಲ ಕಡೆಯೂ ದಶಕಗಳಿಂದ ನಡೆಯುತ್ತಿರುವ ಲಾ ಕಾಲೇಜುಗಳಿವೆ. ದೊಡ್ಡ ಹೆಸರಿನ ಕಾಲೇಜಿಗಾಗಿ ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆದರೆ ಆ ಎರಡು ಗಂಟೆ ನಿಮ್ಮ ನಿದ್ದೆಯಿಂದಲೇ ಹೋಗುತ್ತದೆ.

ಪಿಯುಸಿಗೇ ಓದು ನಿಲ್ಲಿಸಿದ್ದೆ. ನನಗೂ ದಾರಿ ಇದೆಯಾ?

ಎರಡು ದಾರಿ ಇವೆ. ಒಂದು, ಪಿಯುಸಿ ಆದ ಮೇಲೆ ಸೇರುವ ಐದು ವರ್ಷದ ಬಿಎ ಎಲ್‌ಎಲ್‌ಬಿ. ಐದೂ ವರ್ಷ ದಿನಾ ಕಾಲೇಜಿಗೆ ಹೋಗಬೇಕು. ಎರಡು, ಮೊದಲು ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಒಟ್ಟು ಆರು ವರ್ಷ. ಆದರೆ ಮೊದಲ ಮೂರು ವರ್ಷ ಹೆಚ್ಚಿನ ಓದು ಮನೆಯಲ್ಲೇ ಆಗುತ್ತದೆ. ಮಗು ಇನ್ನೂ ಚಿಕ್ಕದಾಗಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಡಿಗ್ರಿ ಮುಗಿಯುವ ಹೊತ್ತಿಗೆ ಮಗು ಶಾಲೆಗೆ ಹೋಗುತ್ತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಪಾಸಾಗಿ, ಆಮೇಲೆ ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿದ್ದರೆ ಎಲ್‌ಎಲ್‌ಬಿಗೆ ಅಡ್ಡಿಯಿಲ್ಲ. ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಡಿಗ್ರಿ ಪಡೆದಿದ್ದರೆ ಬಾರ್ ಕೌನ್ಸಿಲ್ ಒಪ್ಪುವುದಿಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ವಿಚಾರದಲ್ಲಿ 2013-14ರಿಂದ 2017-18ರವರೆಗೆ ತೊಡಕಿತ್ತು. 2018-19ರಿಂದ ಸರಿಯಾಗಿದೆ. ನಿಮ್ಮದು ಆ ನಡುವಿನ ವರ್ಷಗಳ ಡಿಗ್ರಿಯಾದರೆ ಫೀಸು ಕಟ್ಟುವ ಮುಂಚೆಯೇ ಕಾಲೇಜಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎಲ್‌ಎಲ್‌ಬಿಯನ್ನೇ ಮನೆಯಲ್ಲಿ ಕೂತು, ಆನ್‌ಲೈನಿನಲ್ಲಿ ಮಾಡಬಹುದಲ್ವಾ?

ಇಲ್ಲ. ದೂರಶಿಕ್ಷಣದ ಅಥವಾ ಆನ್‌ಲೈನ್ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇಲ್ಲ. ಅದರಿಂದ ಸನ್ನದು ಸಿಗುವುದಿಲ್ಲ. ಕಾನೂನಿನ ಡಿಪ್ಲೊಮಾಗಳು ಬೇರೆ ವಿಷಯ. ಅವು ತಿಳಿವಳಿಕೆಗೆ ಸರಿ, ವಕೀಲಿಗೆ ಅಲ್ಲ.

ಹಾಜರಾತಿ ಅಷ್ಟು ಕಟ್ಟುನಿಟ್ಟಾ? ಮಕ್ಕಳಿರುವವರಿಗೆ ರಿಯಾಯಿತಿ ಕೊಡಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮಕ್ಕಳಿರುವವರು ಓದು ಬಿಡುವುದು ಪಾಠ ಅರ್ಥವಾಗದೆ ಅಲ್ಲ, ವಯಸ್ಸಾಗಿ ಅಲ್ಲ. ಹಗಲು ಹೊತ್ತಿನ ಗಂಟೆಗಳು ಹೊಂದದೆ.

ನಿಯಮ ಹೀಗಿದೆ. ಸೆಮಿಸ್ಟರ್ ಎಂದರೆ ಕನಿಷ್ಠ 15 ವಾರ. ವಾರಕ್ಕೆ ಕನಿಷ್ಠ 30 ಗಂಟೆ ತರಗತಿ, ಅದರಲ್ಲಿ 24 ಗಂಟೆ ಪಾಠ. ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಬೇಕು. ತಕ್ಕ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ. 65ರವರೆಗೆ ಪ್ರಾಂಶುಪಾಲರು ಒಪ್ಪಬಹುದು. ಆದರೆ ಆಗಲೂ ಎಲ್ಲ ವಿಷಯ ಸೇರಿ ಶೇ. 70 ಇರಲೇಬೇಕು.

"ಪ್ರತಿ ವಿಷಯದಲ್ಲೂ" ಎಂಬ ಮಾತನ್ನು ಗಮನಿಸಿ. ಮಗುವಿನ ಸ್ಕೂಲ್ ವ್ಯಾನ್ ಒಂಬತ್ತೂಕಾಲಿಗೆ ಬರುತ್ತದೆ ಅಂದುಕೊಳ್ಳಿ. ನಿಮ್ಮ ಮೊದಲ ಪೀರಿಯಡ್ ಒಂಬತ್ತೂವರೆಗೆ. ದಿನಾ ಹತ್ತು ನಿಮಿಷ ತಡ. ಒಟ್ಟು ಹಾಜರಾತಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಟೈಮ್ ಟೇಬಲ್ಲಿನಲ್ಲಿ ಆ ಮೊದಲ ಪೀರಿಯಡ್ ವಾರದಲ್ಲಿ ನಾಲ್ಕು ದಿನ ಕಾಂಟ್ರ್ಯಾಕ್ಟ್ ವಿಷಯದ್ದೇ ಆಗಿದ್ದರೆ, ಆ ಒಂದು ವಿಷಯದಲ್ಲಿ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಸೆಮಿಸ್ಟರ್ ಕೊನೆಗೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ವಿಷಯಕ್ಕೆ 60 ತರಗತಿ ನಡೆದರೆ 42ರಲ್ಲಿ ನೀವು ಇರಬೇಕು. ತಪ್ಪಿಸಬಹುದಾದದ್ದು 18. ದೊಡ್ಡವನಿಗೆ ಚಿಕನ್‌ಪಾಕ್ಸ್ ಬಂದರೆ ಹತ್ತು ದಿನ ಹೋಯಿತು. ಅವನು ಎದ್ದ ಮೇಲೆ ಚಿಕ್ಕವಳಿಗೆ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಯಾವ ಕಾಯಿಲೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಅಲ್ವಾ? ಹಾಗಾಗಿ ಸೆಮಿಸ್ಟರಿನ ಮೊದಲ ಎರಡು ತಿಂಗಳು ಒಂದೂ ತರಗತಿ ಬಿಡಬೇಡಿ. ಮದುವೆ, ಗೃಹಪ್ರವೇಶ, ನಾಮಕರಣ ಏನೇ ಇರಲಿ. ಆ 18 ತರಗತಿಗಳು ಮಕ್ಕಳ ಜ್ವರಕ್ಕೆ ಮೀಸಲು.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ವಿಷಯಕ್ಕೊಂದು ಸಾಲು ಹಾಕಿ. ತಪ್ಪಿದ ದಿನ ಅಲ್ಲಿ ಒಂದು ಗೀಟು. ಯಾವ ಸಾಲು ಉದ್ದವಾಗುತ್ತಿದೆ ಎಂದು ಆಗಾಗ ನೋಡಿಕೊಳ್ಳಿ. ಮಗುವಿನ ಆಸ್ಪತ್ರೆ ಚೀಟಿಗಳನ್ನು ಎಸೆಯಬೇಡಿ. ರಿಯಾಯಿತಿ ಕೇಳುವಾಗ ಅವೇ ಆಧಾರ.

"ಪರೀಕ್ಷೆಗೆ ಮಾತ್ರ ಬನ್ನಿ, ಹಾಜರಾತಿ ನಾವು ನೋಡಿಕೊಳ್ತೀವಿ" ಅಂತ ಒಬ್ಬರು ಹೇಳಿದರು. ಸೇರಲಾ?

ಬೇಡ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಕಾಲೇಜುಗಳಿಗೆ ಬಯೋಮೆಟ್ರಿಕ್ ಹಾಜರಾತಿ, ಸಿಸಿಟಿವಿ ಇಡಲು ಸುತ್ತೋಲೆ ಕಳಿಸಿ ಹೇಳಿದೆ. ಸುಳ್ಳು ಹಾಜರಾತಿಯ ಡಿಗ್ರಿ ನಾಳೆ ಪ್ರಶ್ನೆಗೆ ಬಂದರೆ ಕಷ್ಟ ಪಡುವವರು ನೀವು, ಆ ಏಜೆಂಟ್ ಅಲ್ಲ. ಅದೂ ಅಲ್ಲದೆ, ಮನೆಯ ಇಷ್ಟೊಂದು ಕೆಲಸ ಬದಿಗಿಟ್ಟು ಓದಲು ಹೊರಟವರು ಪಾಠವನ್ನೇ ಕೇಳದೆ ಕರಿ ಕೋಟು ಹಾಕಿಕೊಂಡು ಏನು ಮಾಡುವುದು? ಕಕ್ಷಿದಾರರು ತಮ್ಮ ಮನೆ, ಜಮೀನು, ಮಕ್ಕಳನ್ನು ನಂಬಿ ನಿಮ್ಮ ಕೈಗೆ ಕೊಡುತ್ತಾರೆ.

ನಾನು ಕೆಲಸಕ್ಕೂ ಹೋಗುತ್ತೇನೆ. ಸಂಜೆ ಕಾಲೇಜು ಸಿಗುತ್ತಾ?

ಹಿಂದೆಲ್ಲ ಹಗಲು ಕೆಲಸ ಮಾಡಿ ರಾತ್ರಿ ಲಾ ಓದಿದವರಿದ್ದರು. ಈಗಿನ ನಿಯಮದಂತೆ ತರಗತಿಗಳು ಬೆಳಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಕೆಲಸದಲ್ಲಿದ್ದರೆ ಅದನ್ನು ತಿಳಿಸಬೇಕು, ಕೆಲಸ ಕೊಟ್ಟವರಿಂದ ಒಪ್ಪಿಗೆ ಪತ್ರ ತರಬೇಕು. ಇದೂ 2024ರ ಸುತ್ತೋಲೆಯಲ್ಲೇ ಇದೆ. ಕೆಲವು ಕಾಲೇಜುಗಳು ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನಕ್ಕೆ ಬಿಡುತ್ತವೆ. ಅರ್ಧ ದಿನದ ಕೆಲಸ ಇದ್ದರೆ ಅಂಥದ್ದು ಹುಡುಕಿ. ಪೂರ್ತಿ ಕೆಲಸ, ಪೂರ್ತಿ ಓದು, ಚಿಕ್ಕ ಮಗು, ಈ ಮೂರನ್ನೂ ಒಟ್ಟಿಗೆ ಹೊರಲು ನಾನಂತೂ ಹೇಳುವುದಿಲ್ಲ. ಮೂರರಲ್ಲಿ ಒಂದಕ್ಕೆ ಬೇರೆಯವರ ಕೈ ಬೇಕೇ ಬೇಕು.

ಮಗು ಎಷ್ಟು ದೊಡ್ಡದಾದ ಮೇಲೆ ಸೇರಿದರೆ ಒಳ್ಳೆಯದು?

"ಮಗನ ಎಸ್ಸೆಸ್ಸೆಲ್ಸಿ ಮುಗೀಲಿ" ಎನ್ನುತ್ತಾರೆ. ಆಮೇಲೆ ಪಿಯುಸಿ ಬರುತ್ತದೆ, ಸಿಇಟಿ ಬರುತ್ತದೆ, ಅಷ್ಟರಲ್ಲಿ ಅತ್ತೆ ಮಾವನಿಗೆ ಹುಷಾರು ತಪ್ಪುತ್ತದೆ. ಖಾಲಿ ವರ್ಷ ಅಂತ ಯಾವುದೂ ಸಿಗುವುದಿಲ್ಲ.

ನಾನು ಕಂಡಂತೆ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಕಾಲ ಅನುಕೂಲ. ಮಗು ಹಗಲೆಲ್ಲ ಶಾಲೆಯಲ್ಲಿರುತ್ತದೆ, ತಾನೇ ಊಟ ಮಾಡುತ್ತದೆ, ಬೋರ್ಡ್ ಪರೀಕ್ಷೆಯ ಚಿಂತೆ ಇನ್ನೂ ದೂರ. ನಿಮ್ಮ ಕೊನೆಯ ವರ್ಷ ಮತ್ತು ಮಗುವಿನ ಎಸ್ಸೆಸ್ಸೆಲ್ಸಿ ಒಂದೇ ವರ್ಷ ಬೀಳದಂತೆ ಮಾತ್ರ ನೋಡಿಕೊಳ್ಳಿ. ಎದೆಹಾಲು ಕುಡಿಯುವ ಮಗು ಇದ್ದೂ ಓದಿದವರನ್ನು ನೋಡಿದ್ದೇನೆ. ಅವರ ತಾಯಿ ಮಗುವನ್ನು ಎತ್ತಿಕೊಂಡು ಕಾಲೇಜಿನ ಲೇಡೀಸ್ ರೂಮಿಗೆ ಬರುತ್ತಿದ್ದರು. ಅಂಥ ತಾಯಿ ಇದ್ದರೆ ಅದೂ ಆಗುತ್ತದೆ.

ಮನೆಯವರು "ಓದು, ನಾವಿದ್ದೀವಿ" ಅಂದಿದ್ದಾರೆ. ಅಷ್ಟು ಸಾಕಲ್ವಾ?

ಸಾಲದು. ಆ ಮಾತು ಪ್ರೀತಿಯಿಂದಲೇ ಬಂದಿರುತ್ತದೆ. ಆದರೆ "ನಾವಿದ್ದೀವಿ" ಎಂದರೆ ಮಂಗಳವಾರ ಮೂರೂವರೆಗೆ ಶಾಲೆಯ ಗೇಟಿನಲ್ಲಿ ನಿಲ್ಲುವವರು ಯಾರು? ಅದಕ್ಕೆ ಹೆಸರು ಬೇಕು.

ನಾನು ಸೇರುವ ಮುಂಚೆ ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆದು, ಮಕ್ಕಳ ಕೆಲಸಗಳನ್ನೆಲ್ಲ ಸಾಲಾಗಿ ಪಟ್ಟಿ ಮಾಡಿದೆ. ಬೆಳಗ್ಗೆ ಎಬ್ಬಿಸುವುದು, ಡಬ್ಬಿ ಕಟ್ಟುವುದು, ವ್ಯಾನ್ ಹತ್ತಿಸುವುದು, ಇಳಿಸಿಕೊಳ್ಳುವುದು, ಹೋಂವರ್ಕ್, ಪೇರೆಂಟ್ಸ್ ಮೀಟಿಂಗ್, ಹಲ್ಲಿನ ಡಾಕ್ಟರು. ಪ್ರತಿಯೊಂದರ ಮುಂದೆ ಯಾರ ಹೆಸರು ಅಂತ ಯಜಮಾನರ ಜೊತೆ, ಅತ್ತೆಯವರ ಜೊತೆ ಕೂತು ಬರೆದೆವು. ಮೊದಲ ಸಲ ಬರೆದಾಗ ಮುಕ್ಕಾಲು ಪಾಲು ನನ್ನ ಹೆಸರೇ ಬಂತು. ಅದನ್ನು ನೋಡಿಯೇ ನಮ್ಮ ಮನೆಯವರಿಗೂ ಅರ್ಥವಾಯಿತು. ಎರಡನೇ ಹಾಳೆ ಬೇರೆ ಥರ ಇತ್ತು. ಅದು ಮೂರು ವರ್ಷ ಫ್ರಿಜ್ಜಿನ ಬಾಗಿಲ ಮೇಲೆ ಇತ್ತು, ಸೆಮಿಸ್ಟರಿಗೊಮ್ಮೆ ಬದಲಾಗುತ್ತಿತ್ತು.

ಕೂಡು ಕುಟುಂಬ ಇಲ್ಲದವರು ಎದುರು ಮನೆಯವರ ಜೊತೆ ಮಾತಾಡಿ. ಅವರ ಮಗುವಿಗೆ ಭಾನುವಾರ ನೀವು ಪಾಠ ಹೇಳಿಕೊಡಿ, ವಾರದ ದಿನ ನಿಮ್ಮ ಮಗು ಒಂದು ಗಂಟೆ ಅವರ ಮನೆಯಲ್ಲಿ ಕೂರಲಿ. ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವವರು ಫೀಸಿನ ಲೆಕ್ಕದಲ್ಲೇ ಡೇ ಕೇರ್ ಖರ್ಚನ್ನೂ ಸೇರಿಸಿ. ಅದು ಐಷಾರಾಮ ಅಲ್ಲ, ಓದಿನ ಖರ್ಚು.

ದಾಖಲೆಗಳು ಏನೇನು ಬೇಕು? ಮದುವೆಯಾದ ಮೇಲೆ ನನ್ನ ಹೆಸರು ಬದಲಾಗಿದೆ.

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟ್, ಟಿಸಿ, ಬೇರೆ ವಿಶ್ವವಿದ್ಯಾಲಯದವರಿಗೆ ಮೈಗ್ರೇಶನ್ ಸರ್ಟಿಫಿಕೇಟ್. ಓದು ಬಿಟ್ಟು ಬಹಳ ವರ್ಷ ಆಗಿದ್ದರೆ ಆ ನಡುವಿನ ಕಾಲದಲ್ಲಿ ಬೇರೆಲ್ಲೂ ಓದಿಲ್ಲ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಕೇಳುವ ಕಾಲೇಜುಗಳೂ ಇವೆ.

ನಮ್ಮ ವಯಸ್ಸಿನವರಿಗೆ ಇಲ್ಲೇ ತಡ ಆಗುವುದು. ಟಿಸಿ ಎಲ್ಲೋ ಕಳೆದಿರುತ್ತದೆ. ಓದಿದ ಕಾಲೇಜು ಬೇರೆ ಊರಿನಲ್ಲಿರುತ್ತದೆ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಾನ್‌ನಲ್ಲಿ ಇನ್ನೊಂದು. ಅಡ್ಮಿಷನ್‌ಗೆ ನಾಲ್ಕು ತಿಂಗಳು ಮುಂಚೆಯೇ ಇವನ್ನೆಲ್ಲ ಹೊರಗೆ ತೆಗೆದು ಮೇಜಿನ ಮೇಲೆ ಹರಡಿ ನೋಡಿ. ನನ್ನ ಅಭಿಪ್ರಾಯದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನಲ್ಲೇ ಎಲ್‌ಎಲ್‌ಬಿಗೂ ಸೇರುವುದು ಸುಲಭ. ಆಧಾರ್ ತಿದ್ದಿಸುವುದು ಅಂಕಪಟ್ಟಿ ತಿದ್ದಿಸುವುದಕ್ಕಿಂತ ಹಗುರದ ಕೆಲಸ. ಸನ್ನದು ಮಾಡಿಸುವಾಗ ಮತ್ತೆ ಇದೇ ಕಾಗದಗಳನ್ನು ನೋಡುತ್ತಾರೆ. ಮೀಸಲಾತಿ ಕೇಳುವವರು ನೆನಪಿಡಿ: ಜಾತಿ ಹುಟ್ಟಿದ ಮನೆಯಿಂದ ಬರುತ್ತದೆ, ಮದುವೆಯಿಂದ ಬದಲಾಗುವುದಿಲ್ಲ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಬರದೆ ಲಾ ಓದಬಹುದಾ?

ಓದಬಹುದು. ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲೇ ಬರೆದಿರುತ್ತದೆ: ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬೇಕು. ಅರ್ಧ ಅದು, ಅರ್ಧ ಇದು ಬೇಡ. ಪ್ರಶ್ನೆಗಳು ಎರಡೂ ಭಾಷೆಯಲ್ಲಿ ಅಚ್ಚಾಗಿರುತ್ತವೆ. ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಕಾಯ್ದೆಗಳ ಕನ್ನಡ ಪಠ್ಯ ಪುಕ್ಕಟೆ ಸಿಗುತ್ತದೆ.

ಹಾಗಂತ ಇಂಗ್ಲಿಷನ್ನು ಪೂರ್ತಿ ಬಿಡಬೇಡಿ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ಕೆಲಸ ನಡೆಸಬಹುದು. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಡೆಯುವ ಹೈಕೋರ್ಟ್ ಕಲಾಪ ಇಂಗ್ಲಿಷಿನದು. ತೀರ್ಪುಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ದಿನಕ್ಕೆ ಒಂದು ಪುಟ ತೀರ್ಪು ಓದಿ, ಗೊತ್ತಿಲ್ಲದ ಪದಗಳನ್ನು ಬರೆದುಕೊಳ್ಳಿ. ಮೂರು ವರ್ಷದಲ್ಲಿ ಅದೇ ನಿಮ್ಮ ಇಂಗ್ಲಿಷ್ ಕ್ಲಾಸ್ ಆಗುತ್ತದೆ.

ಈ ವಯಸ್ಸಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತಾ?

ನಿಲ್ಲುತ್ತದೆ. ನಿಮಗೆ ಸಿಗುವ ಸಮಯ ತುಂಡು ತುಂಡಾಗಿರುತ್ತದೆ, ಅಷ್ಟೇ. ಕುಕ್ಕರ್ ಕೂಗುವವರೆಗೆ ಇಪ್ಪತ್ತು ನಿಮಿಷ, ಡ್ಯಾನ್ಸ್ ಕ್ಲಾಸಿನ ಹೊರಗೆ ಮುಕ್ಕಾಲು ಗಂಟೆ. ಆದ್ದರಿಂದ ದೊಡ್ಡ ಅಧ್ಯಾಯ ಹಿಡಿಯಬೇಡಿ, ಪ್ರಶ್ನೆ ಹಿಡಿಯಿರಿ.

ಹೆಚ್ಚಿನ ಪೇಪರ್‌ಗಳು ಬರವಣಿಗೆಗೆ 80 ಅಂಕ, ಒಳ ಮೌಲ್ಯಮಾಪನಕ್ಕೆ 20. ಐದು ಘಟಕ. ಪ್ರತಿ ಘಟಕದಿಂದ 10 ಅಂಕದ ಒಂದು ಪ್ರಬಂಧ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಪ್ರಬಂಧದ ಪ್ರಶ್ನೆಗಳನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ ಓದಿ. 6 ಅಂಕದವು ಆ ಇಪ್ಪತ್ತು ನಿಮಿಷಗಳಿಗೆ ಸರಿಹೊಂದುತ್ತವೆ. ಮೂರು ಗಂಟೆ ಕೈ ನೋಯದೆ ಬರೆಯುವ ಅಭ್ಯಾಸ ನಮಗೆ ತಪ್ಪಿಹೋಗಿರುತ್ತದೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಗಡಿಯಾರ ಇಟ್ಟುಕೊಂಡು ಬರೆದು ನೋಡಿ.

ಇನ್ನೊಂದು ಉಪಾಯ ನನಗೆ ತುಂಬಾ ಕೆಲಸಕ್ಕೆ ಬಂತು. ಕೇಸುಗಳನ್ನು ಮಕ್ಕಳಿಗೆ ಕತೆಯಾಗಿ ಹೇಳುವುದು. ಟಾರ್ಟ್ಸ್ (ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೇಳುವ ಕಾನೂನು) ಓದುವಾಗ ಊಟ ಬಡಿಸುತ್ತಾ ಡೊನೊಹ್ಯು ಕೇಸ್ ಹೇಳಿದೆ. ಸ್ಕಾಟ್ಲೆಂಡಿನ ಒಬ್ಬ ಹೆಂಗಸು, ಸ್ನೇಹಿತೆ ಕೊಡಿಸಿದ ಜಿಂಜರ್ ಬಿಯರ್, ಬಾಟಲಿಯೊಳಗೆ ಕೊಳೆತ ಬಸವನಹುಳು. "ಬಾಟಲಿ ದುಡ್ಡು ಕೊಟ್ಟಿದ್ದು ಫ್ರೆಂಡು. ಹಾಗಾದ್ರೆ ಕುಡಿದವಳು ಹೇಗಮ್ಮ ಕೇಸ್ ಹಾಕ್ತಾಳೆ?" ಅಂತ ಮಗ ಕೇಳಿದ. 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದಿದ್ದ ಪ್ರಶ್ನೆಯೂ ಅದೇ. ಅವನಿಗೆ ಉತ್ತರ ಹೇಳಿದ್ದರಿಂದ ನನಗೆ ಆ ಕೇಸ್ ಮತ್ತೆ ಮರೆಯಲಿಲ್ಲ.

ಸಂಬಂಧಿಕರೊಬ್ಬರು ತಮ್ಮ ಹಳೇ ಲಾ ಪುಸ್ತಕ ಕೊಡ್ತೀನಿ ಅಂದಿದ್ದಾರೆ. ತಗೊಳ್ಳಲಾ?

ಕಾಂಟ್ರ್ಯಾಕ್ಟ್, ಸಂವಿಧಾನ, ಹಿಂದೂ ಕಾನೂನಿನ ಪುಸ್ತಕ ತಗೊಳ್ಳಿ. ಕ್ರಿಮಿನಲ್ ವಿಷಯದ್ದು ಮಾತ್ರ ಹೊಸದೇ ಬೇಕು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಯ ಸೆಕ್ಷನ್ 302 ಈಗ 103. ಹೆಂಡತಿ ಮಕ್ಕಳ ಜೀವನಾಂಶದ 125 ಈಗ 144. ಆದರೆ ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೇ ಐಪಿಸಿಯೇ ಅನ್ವಯ. ಅದಕ್ಕೇ ಕೋರ್ಟಿನಲ್ಲಿ ಇನ್ನೂ ಎರಡೂ ಸಂಖ್ಯೆಗಳು ಕಿವಿಗೆ ಬೀಳುತ್ತವೆ. ಕಾಯ್ದೆಗಳ ಮೂಲ ಪಠ್ಯ ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತ.

ಮಕ್ಕಳ ವಯಸ್ಸಿನವರ ಜೊತೆ ಕೂತು ಓದಲು ಸಂಕೋಚ ಆಗುತ್ತೆ.

ಮೊದಲ ವಾರ ಆಗುತ್ತದೆ. "ಆಂಟಿ" ಅನ್ನುತ್ತಾರೆ, ಆಮೇಲೆ "ಅಕ್ಕ" ಆಗುತ್ತೀರಿ. ಪರೀಕ್ಷೆ ಹತ್ತಿರ ಬಂದಾಗ ನೋಟ್ಸ್ ಅವರಿಂದಲೇ ಸಿಗುವುದು. ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಪಹಣಿ, ಮ್ಯುಟೇಶನ್, ಖಾತೆ, ಪಾಲು ಪಟ್ಟಿ ಇವನ್ನೆಲ್ಲ ನೀವು ಮನೆಯಲ್ಲೇ ಕಂಡಿರುತ್ತೀರಿ. ಹಿಂದೂ ಉತ್ತರಾಧಿಕಾರದ ಪಾಠ ನಡೆಯುವಾಗ ತರಗತಿಯಲ್ಲಿ ಒಳ್ಳೆಯ ಪ್ರಶ್ನೆಗಳು ನಿಮ್ಮಿಂದಲೇ ಬರುತ್ತವೆ.

ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗಬೇಕಾ?

ಬೇಡ. ಮೂರು ವರ್ಷದಲ್ಲಿ ಒಟ್ಟು 12 ವಾರ ಆಗಬೇಕು. ಒಂದೇ ಸಲ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ನಿಮ್ಮ ಊರಿನ ವಕೀಲರ ಆಫೀಸು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಸಾಕು. ಪ್ರಾಧಿಕಾರದಲ್ಲಿ ಕೂತರೆ ಲೋಕ ಅದಾಲತ್ ಹೇಗೆ ನಡೆಯುತ್ತದೆ, ಹೆಂಗಸರಿಗೆ ಮಕ್ಕಳಿಗೆ ಉಚಿತ ವಕೀಲರನ್ನು ಹೇಗೆ ಕೊಡುತ್ತಾರೆ ಎಂಬುದು ಕಣ್ಣಾರೆ ಕಾಣುತ್ತದೆ. ಮೇ ತಿಂಗಳಲ್ಲಿ ಸಿವಿಲ್ ಕೋರ್ಟುಗಳಿಗೂ ಬೇಸಿಗೆ ರಜೆ ಇರುತ್ತದೆ. ಮಕ್ಕಳ ರಜೆಯಲ್ಲಿ ಮುಗಿಸೋಣ ಎಂದುಕೊಂಡಿದ್ದರೆ ತಾರೀಖು ಮೊದಲೇ ನೋಡಿ.

ಖರ್ಚು?

ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಫೀಸು ಕಡಿಮೆ, ಖಾಸಗಿಯಲ್ಲಿ ಜಾಸ್ತಿ. ಕೇಳುವಾಗ ಪರೀಕ್ಷಾ ಶುಲ್ಕ, ಯೂನಿಫಾರ್ಮ್ ಎಲ್ಲ ಸೇರಿಸಿ ಮೂರು ವರ್ಷದ ಒಟ್ಟು ಮೊತ್ತ ಕೇಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಗಿರುವುದು ದಿನಾ ಓಡಾಡುವವರಿಗೆ ಎಷ್ಟು ದೊಡ್ಡ ಉಳಿತಾಯ ಎಂದು ಹಳ್ಳಿಯಿಂದ ಬರುವ ಗೆಳತಿಯರನ್ನು ಕೇಳಬೇಕು.

ಡಿಗ್ರಿ ಮುಗಿದ ಕೂಡಲೇ ವಕೀಲಿ ಮಾಡಬಹುದಾ?

ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಮಾಡಿಸಬೇಕು. ಹಿಂದೆ ಇದಕ್ಕೆ ಸಾವಿರಾರು ರೂಪಾಯಿ ಕಟ್ಟಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆಯಲ್ಲಿ ಇರುವಷ್ಟೇ ತಗೊಳ್ಳಬೇಕು ಎಂದಿತು. ಅದರಂತೆ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಆಮೇಲೆ ಎರಡು ವರ್ಷದ ಒಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಬಹು ಆಯ್ಕೆಯ 100 ಪ್ರಶ್ನೆ. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಪಾಸಾಗಲು ಶೇ. 45, ಪರಿಶಿಷ್ಟರಿಗೆ ಶೇ. 40. ಮೂರು ವರ್ಷ ಗಮನವಿಟ್ಟು ಓದಿದವರಿಗೆ ಇದು ಭಯ ಪಡುವಂಥ ಪರೀಕ್ಷೆ ಅಲ್ಲ.

ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇದ್ದುಕೊಂಡು ವಕೀಲಿ ಮಾಡುವಂತಿಲ್ಲ ಎಂಬುದು ನೆನಪಿರಲಿ.

ಸಂಪಾದನೆ ಯಾವಾಗ ಶುರುವಾಗುತ್ತೆ? ನಿಜ ಹೇಳಿ.

ಮೊದಲ ಎರಡು ಮೂರು ವರ್ಷ ಅದನ್ನು ನಂಬಿ ಮನೆ ನಡೆಸಲಾಗುವುದಿಲ್ಲ. ಸೀನಿಯರ್ ವಕೀಲರ ಕೈಕೆಳಗೆ ಕೆಲಸ ಕಲಿಯುವ ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಸಲಹೆ ಮಾಡಿದೆ. ಅದು ಸಲಹೆ ಮಾತ್ರ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಹೊಸ ವಕೀಲರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆ ಇದೆ, ಬಿಡಬೇಡಿ.

ಯಾರೂ ಮೊದಲೇ ಹೇಳದ ಇನ್ನೊಂದು ತೊಂದರೆ ಇದೆ. ಹಗಲು ಕೋರ್ಟ್, ಸರಿ. ಆದರೆ ಸೀನಿಯರ್ ಆಫೀಸು ನಡೆಯುವುದು ಸಂಜೆ. ಕಕ್ಷಿದಾರರು ಬರುವುದು, ನಾಳೆಯ ಫೈಲು ನೋಡುವುದು, ಕರಡು ಬರೆಯುವುದೆಲ್ಲ ಆರು ಗಂಟೆಯ ಮೇಲೆ. ಮಕ್ಕಳಿಗೆ ಅಮ್ಮ ಬೇಕಾಗುವ ಹೊತ್ತೂ ಅದೇ. ಸೀನಿಯರ್ ಹುಡುಕುವಾಗಲೇ ಇದನ್ನು ಬಾಯಿಬಿಟ್ಟು ಮಾತಾಡಿ. ನನ್ನ ಸೀನಿಯರ್ ಮೇಡಂ ಹತ್ತಿರ ನಾನು ಕೇಳಿದ್ದು ಇಷ್ಟೇ: "ಮೇಡಂ, ಏಳೂವರೆಗೆ ಬಿಡಿ, ಕರಡು ಮನೆಯಿಂದ ಬೆಳಗ್ಗೆ ಏಳಕ್ಕೆ ಕಳಿಸುತ್ತೇನೆ." ಕರಡು ಚೆನ್ನಾಗಿದ್ದರೆ ಒಪ್ಪುತ್ತಾರೆ. ಒಪ್ಪದವರ ಆಫೀಸು ನಮಗಲ್ಲ ಎಂದು ಬೇರೆ ಕಡೆ ನೋಡಿ.

ಕ್ರಮೇಣ ಕೌಟುಂಬಿಕ ಪ್ರಕರಣ, ಗ್ರಾಹಕರ ವ್ಯಾಜ್ಯ, ಬ್ಯಾಂಕುಗಳಿಗೆ ಆಸ್ತಿ ದಾಖಲೆ ಪರಿಶೀಲನೆ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ಇವೆಲ್ಲ ಕೈಗೆ ಬರುತ್ತವೆ. ನೋಟರಿಯಾಗಲು ಸಾಮಾನ್ಯವಾಗಿ ಹತ್ತು ವರ್ಷದ ವಕೀಲಿ ಬೇಕು, ಹೆಂಗಸರಿಗೆ ಏಳು ಸಾಕು.

ಜಡ್ಜ್ ಆಗಬಹುದಾ?

ಸಿವಿಲ್ ಜಡ್ಜ್ ನೇಮಕಾತಿಗೆ ವಯಸ್ಸಿನ ಮಿತಿ ಇದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷದ ವಕೀಲಿಯನ್ನೂ ಮತ್ತೆ ಕಡ್ಡಾಯ ಮಾಡಿತು. ಮೂವತ್ತೆಂಟಕ್ಕೆ ಓದು ಶುರು ಮಾಡುವವರಿಗೆ ಈ ದಾರಿ ತೆರೆದಿಲ್ಲ ಎಂದೇ ತಿಳಿಯಿರಿ. ಇಪ್ಪತ್ತೇಳು, ಇಪ್ಪತ್ತೆಂಟರಲ್ಲಿ ಸೇರುವ ತಾಯಂದಿರು ಲೆಕ್ಕ ಹಾಕಿ ನೋಡಬಹುದು.

ಮಕ್ಕಳಿಗೆ ಅನ್ಯಾಯ ಮಾಡ್ತಿದ್ದೀನಾ ಅನ್ಸುತ್ತೆ.

ಹಾಗೆ ಅನ್ನಿಸದ ತಾಯಿ ನನಗೆ ಸಿಕ್ಕಿಲ್ಲ. ಕೆಲವು ದಿನ ನಿಜವಾಗಿಯೂ ಮಕ್ಕಳಿಗೆ ಕಡಿಮೆ ಬೀಳುತ್ತದೆ. ಸ್ಕೂಲ್ ಡೇ ದಿನವೇ ನಿಮ್ಮ ಮೂಟ್ ಕೋರ್ಟ್ (ಕಾಲೇಜಿನ ಅಣಕು ವಾದ) ಬೀಳುತ್ತದೆ. ಅದನ್ನು ಇಲ್ಲ ಎನ್ನಲಾರೆ. ಸೆಮಿಸ್ಟರ್ ಶುರುವಿನಲ್ಲೇ ಮಕ್ಕಳ ಶಾಲೆಯ ಕ್ಯಾಲೆಂಡರ್, ನಿಮ್ಮ ಕಾಲೇಜಿನ ಕ್ಯಾಲೆಂಡರ್ ಪಕ್ಕ ಪಕ್ಕ ಇಟ್ಟು, ವರ್ಷಕ್ಕೆ ಎರಡು ಮೂರು ದಿನ "ಏನೇ ಆದರೂ ಬರುತ್ತೇನೆ" ಎಂದು ಮಗುವಿಗೆ ಮಾತು ಕೊಡಿ. ಆ ದಿನಗಳನ್ನು ಮಗುವೇ ಆರಿಸಲಿ. ಅವು ಯಾವ ಕಾರಣಕ್ಕೂ ತಪ್ಪಬಾರದು. ಉಳಿದದ್ದನ್ನು ಮಕ್ಕಳು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಸೇರಬೇಕು ಅಂತ ಮನಸ್ಸು ಮಾಡಿದ್ದೀನಿ. ಮೊದಲು ಏನು ಮಾಡಲಿ?

ಕಾಲೇಜು ನಡೆಯುತ್ತಿರುವ ಒಂದು ದಿನ, ಮಕ್ಕಳನ್ನು ಶಾಲೆಗೆ ಬಿಟ್ಟು ನೇರವಾಗಿ ಅಲ್ಲಿಗೆ ಹೋಗಿ. ಎಷ್ಟು ಹೊತ್ತಿಗೆ ತಲುಪಿದಿರಿ, ಮೊದಲ ಪೀರಿಯಡ್ ಎಷ್ಟು ಹೊತ್ತಿಗೆ ಶುರುವಾಯಿತು ನೋಡಿ. ಈ ವರ್ಷದ ಟೈಮ್ ಟೇಬಲ್ ನೋಟಿಸ್ ಬೋರ್ಡಿನಲ್ಲಿರುತ್ತದೆ, ಫೋಟೊ ತೆಗೆದುಕೊಳ್ಳಿ. ಆಫೀಸಿನಲ್ಲಿ ಫೀಸು, ದಾಖಲೆ ಪಟ್ಟಿ, ಕೊನೆಯ ದಿನಾಂಕ ಕೇಳಿ. ಆಮೇಲೆ ಎರಡನೇ ವರ್ಷದಲ್ಲಿ ಓದುತ್ತಿರುವ, ಮಕ್ಕಳಿರುವ ಯಾರಾದರೂ ಇದ್ದಾರಾ ವಿಚಾರಿಸಿ. ಇದ್ದೇ ಇರುತ್ತಾರೆ. ಅವರ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡಿ, ಫೋನ್ ನಂಬರ್ ತಗೊಳ್ಳಿ. ವಾಪಸ್ ಬರುವಾಗ ಮಕ್ಕಳ ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ತಲುಪಲು ಆಯಿತೇ ಎಂಬುದನ್ನೂ ನೋಡಿಕೊಳ್ಳಿ.